ಕಾಯಿಪಲ್ಲೆ, ನೀರು, ಒಂದು ಪೇಢೆ

ನಮ್ಮ ಮನೆಗೆ ಆರೋಗ್ಯದ ಮೊದಲ ಪುಸ್ತಕ ಬಂದದ್ದು ಕಂತಿನ ಮೇಲೆ. ನಾನಾಗ ಆರನೇ ಕ್ಲಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಗಲಿಗೆ ದಪ್ಪ ಚೀಲ ಹಾಕಿಕೊಂಡ ಒಬ್ಬರು ಬೆಟಗೇರಿಯ ನಮ್ಮ ಓಣಿಗೆ ಬಂದಿದ್ದರು. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಅಡ್ವೆಂಟಿಸ್ಟ್ ಸಭೆಯವರು, ಕ್ರೈಸ್ತರಲ್ಲೇ ಒಂದು ಪಂಗಡ. ಮನೆ ಮನೆಗೆ ಹೋಗಿ ಪುಸ್ತಕ ಮಾರುವುದೇ ಅವರಿಗೆ ಸೇವೆ. ನಮ್ಮದು ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಮನೆತನ, ಈಗ ಸಿಎಸ್ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಶನಿವಾರವೇ ಸಬ್ಬತ್, ಅಂದರೆ ದೇವರ ವಿಶ್ರಾಂತಿಯ ದಿನ, ಎನ್ನುವವರ ಪುಸ್ತಕ ಕೊಳ್ಳುವುದೋ ಬೇಡವೋ ಎಂದು ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ಒಳಗೆ ಬಣ್ಣದ ಚಿತ್ರಗಳಿದ್ದವು. ಕೊಂಡರು.

ಆ ಪುಸ್ತಕ ಓದಿ ಅಪ್ಪ ಚಹಾ ಬಿಟ್ಟರು. ಎಂಟು ದಿನ. ಒಂಬತ್ತನೇ ದಿನ ಬೆಳಿಗ್ಗೆ ಅವ್ವ ಏನೂ ಮಾತಾಡದೆ ಎರಡು ಕಪ್ ಸೋಸಿ, ಒಂದನ್ನು ಅವರ ಮುಂದಿಟ್ಟಳು. ಅಪ್ಪ ಕುಡಿದರು. ಪುಸ್ತಕ ಅಟ್ಟ ಸೇರಿತು.

ಅದನ್ನು ನಾನು ಮತ್ತೆ ಕೆಳಗಿಳಿಸಿದ್ದು ಮೂರು ವರ್ಷದ ಹಿಂದೆ, ನನಗೆ ಶುಗರ್ ಬಂದ ಮೇಲೆ. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಲ್ಲಿ 8.1 ಬಂದಿತ್ತು. ಡಾಕ್ಟರು ಮಾತ್ರೆ ಬರೆದರು, ತೂಕ ಇಳಿಸಿ ಎಂದರು, ಮುಂದಿನವರನ್ನು ಕರೆದರು. ನನಗೆ ಒಂದು ಚಟ ಇದೆ. ಏನಾದರೂ ಹೆದರಿಕೆ ಆದರೆ ಪುಸ್ತಕ ತಗೊಳ್ಳುತ್ತೇನೆ. ಆ ವರ್ಷ ಸಿಕ್ಕ ಸಿಕ್ಕಲ್ಲೆಲ್ಲ ಕ್ರೈಸ್ತ ಆರೋಗ್ಯದ ಪುಸ್ತಕ, ದಿನಕ್ಕೊಂದು ಪುಟದ ಧ್ಯಾನದ ಪುಸ್ತಕ ಕೊಂಡೆ. ಹುಬ್ಬಳ್ಳಿಯಲ್ಲಿ ಸಭೆ ಮುಗಿದ ಮೇಲೆ ಹಾಕುವ ಪುಸ್ತಕದ ಟೇಬಲ್ಲಿನಿಂದ ಕೆಲವು, ಮೊಬೈಲಿನಲ್ಲಿ ಕೆಲವು, ಅಮೆರಿಕದಿಂದ ಬಂದ ತಂಗಿ ಬಿಟ್ಟು ಹೋದವು ಎರಡು. ಗದಗ–ಹುಬ್ಬಳ್ಳಿ ರೈಲಿನಲ್ಲಿ ಕೂತು ಓದುತ್ತಿದ್ದೆ. ಅಣ್ಣಿಗೇರಿ ಬರುವ ಹೊತ್ತಿಗೆ ಒಂದು ಅಧ್ಯಾಯ ಮುಗಿಯುತ್ತಿತ್ತು, ಅಷ್ಟೊತ್ತಿಗೆ ಗಿರ್ಮಿಟ್ ಮಾರುವವನೂ ಬರುತ್ತಿದ್ದ.

ಈ ಪುಸ್ತಕಗಳ ಮೂಲ ಹುಡುಕುತ್ತಾ ಹೋದರೆ ಎಲ್ಲೆಲ್ಲಿಗೋ ಹೋಗುತ್ತೇವೆ. ಅಪ್ಪ ಕೊಂಡ ಪುಸ್ತಕದ ಹಿಂದೆ ಇರುವವರು ಎಲೆನ್ ವೈಟ್ ಎಂಬ ಅಮೆರಿಕದ ಹೆಣ್ಣುಮಗಳು. 1863ರಲ್ಲಿ ಆರೋಗ್ಯದ ಬಗ್ಗೆ ತನಗೊಂದು ದರ್ಶನವಾಯಿತು ಎಂದು ಹೇಳಿದರು. 1905ರ ಅವರ ಪುಸ್ತಕವೊಂದರಲ್ಲಿ ನಿಜವಾದ ಔಷಧಗಳ ಒಂದು ಪಟ್ಟಿ ಇದೆ. ಒಳ್ಳೆ ಗಾಳಿ, ಬಿಸಿಲು, ಹಿತಮಿತ, ವಿಶ್ರಾಂತಿ, ವ್ಯಾಯಾಮ, ಸರಿಯಾದ ಊಟ, ನೀರು, ಕೊನೆಗೆ ದೇವರ ಮೇಲಿನ ನಂಬಿಕೆ. ಡಾಕ್ಟರುಗಳು ಪಾದರಸವನ್ನೂ ಔಷಧ ಅಂತ ಕೊಡುತ್ತಿದ್ದ ಶತಮಾನದಲ್ಲಿ ಬೆಳೆದವರು ಬರೆದದ್ದು ಇದು. ಇವತ್ತು ಓದಿದರೆ ನಮ್ಮ ಅಜ್ಜಿ ಹೇಳಿದ ಹಾಗೇ ಇದೆ.

ಅದೇ ಸಭೆಯಲ್ಲಿ ಬೆಳೆದವರು ಡಾಕ್ಟರ್ ಜಾನ್ ಹಾರ್ವೆ ಕೆಲಾಗ್. ಬ್ಯಾಟಲ್ ಕ್ರೀಕ್ ಎಂಬ ಊರಿನ ಅವರ ಆರೋಗ್ಯಧಾಮದ ಅಡುಗೆಮನೆಯಿಂದಲೇ ಕಾರ್ನ್‌ಫ್ಲೇಕ್ಸ್ ಬಂದದ್ದು. ಆಮೇಲೆ ಅದಕ್ಕೆ ಸಕ್ಕರೆ ಸೇರಿಸಬೇಕೋ ಬೇಡವೋ ಅಂತ ಡಾಕ್ಟರಿಗೂ ಅವರ ತಮ್ಮನಿಗೂ ಜಗಳ. ಗೆದ್ದವನು ತಮ್ಮ. ನಮ್ಮ ಬಜಾರಿನ ಅಂಗಡಿಗಳ ಕಪಾಟು ನೋಡಿದರೆ ಅದು ಗೊತ್ತಾಗುತ್ತದೆ.

ಇವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದ ಅಡ್ವೆಂಟಿಸ್ಟರನ್ನು ವರ್ಷಗಟ್ಟಲೆ ಗಮನಿಸಿ ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಅಲ್ಲಿಯ ಬೇರೆ ಜನರಿಗಿಂತ ಇವರಲ್ಲಿ ಗಂಡಸರು ಸುಮಾರು 7 ವರ್ಷ, ಹೆಂಗಸರು 4 ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಬದುಕುತ್ತಾರೆ ಎಂದು ಅದರಲ್ಲಿದೆ. ಸಿಗರೇಟಿಲ್ಲ, ಮಾಂಸ ಕಡಿಮೆ ಅಥವಾ ಇಲ್ಲ, ಬೀಜಗಳು, ನಡಿಗೆ, ಮಿತಿಯಲ್ಲಿರುವ ತೂಕ. ಪ್ರಾರ್ಥನೆಯ ಪಾಲು ಎಷ್ಟು ಎಂದು ಯಾರು ಅಳೆಯುತ್ತಾರೆ?

ತಂಗಿ ಬಿಟ್ಟು ಹೋದ ಪುಸ್ತಕ ಇನ್ನೊಂದು ಬಗೆಯದು. ಕ್ಯಾಲಿಫೋರ್ನಿಯಾದ ದೊಡ್ಡ ಸಭೆಯೊಂದರ ಪಾಸ್ಟರ್ ಆಗಿದ್ದ ರಿಕ್ ವಾರೆನ್ ಒಂದೇ ದಿನ ಎಂಟು ನೂರಕ್ಕೂ ಹೆಚ್ಚು ಜನರಿಗೆ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರಂತೆ. ಒಬ್ಬೊಬ್ಬರನ್ನೂ ಎತ್ತಿ ಎತ್ತಿ ಕೈ ಸೋತ ಮೇಲೆ ಅವರಿಗೆ ಹೊಳೆಯಿತು, ನಮ್ಮ ಜನ ಬಹಳ ದಪ್ಪ ಆಗಿದ್ದಾರೆ, ನಾನೂ ಆಗಿದ್ದೇನೆ ಅಂತ. ಅದರಿಂದ 2011ರಲ್ಲಿ ದಾನಿಯೇಲನ ಹೆಸರಿನ ಒಂದು ಯೋಜನೆ ಶುರುವಾಯಿತು, 2013ರಲ್ಲಿ ಪುಸ್ತಕ ಬಂತು. ಈ ಕತೆ ನನಗೆ ಬಹಳ ಇಷ್ಟ. ನಮ್ಮ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ. ಪಾಸ್ಟರ್ ತಲೆ ಮೇಲೆ ಮೂರು ಸಲ ನೀರು ಹಾಕುತ್ತಾರೆ. ನಮ್ಮ ತೂಕ ಅವರ ಗಮನಕ್ಕೆ ಬರುವುದೇ ಇಲ್ಲ.

ದಾನಿಯೇಲನ ಹೆಸರು ಯಾಕೆ ಅಂದರೆ, ಬಾಬಿಲೋನಿನ ಅರಮನೆಯಲ್ಲಿ ಅವನೂ ಅವನ ಮೂವರು ಗೆಳೆಯರೂ ರಾಜನ ಊಟ ಬೇಡ ಎಂದರು. ಹತ್ತು ದಿನ ನಮಗೆ ಕಾಯಿಪಲ್ಲೆ ಮತ್ತು ನೀರು ಕೊಟ್ಟು ನೋಡಿ ಎಂದರು. ಬೈಬಲ್ಲಿನ ದಾನಿಯೇಲನ ಪುಸ್ತಕದಲ್ಲೇ ಮುಂದೆ ಹತ್ತನೇ ಅಧ್ಯಾಯದಲ್ಲಿ ಅವನು ಮೂರು ವಾರ ರುಚಿಯಾದದ್ದು, ಮಾಂಸ, ದ್ರಾಕ್ಷಾರಸ ಯಾವುದನ್ನೂ ಮುಟ್ಟಲಿಲ್ಲ. ಈ ಎರಡನ್ನೂ ಸೇರಿಸಿ ಈಗ 21 ದಿನದ ದಾನಿಯೇಲ ಉಪವಾಸ ಎನ್ನುತ್ತಾರೆ. ಅದನ್ನು ಮಾಡಿ ತೂಕ ಇಳಿಸಿದವರ ಸಾಕ್ಷಿಗಳು ಪುಸ್ತಕದ ತುಂಬ.

ನಾನು ಕನ್ನಡ ಮಾಸ್ತರಿಕೆ ಮಾಡುವವಳು. ಪಾಠದ ಹಿಂದು ಮುಂದು ನೋಡುವುದು ರೂಢಿ. ಸತ್ಯವೇದ, ಅಂದರೆ ನಮ್ಮ ಕನ್ನಡ ಬೈಬಲ್ ತೆಗೆದು ಅದೇ ಪುಸ್ತಕದ ಮೊದಲ ಅಧ್ಯಾಯ ಪೂರ್ತಿ ಓದಿದೆ. ಹತ್ತು ದಿನ ಆದ ಮೇಲೆ ಏನಾಯಿತು? ರಾಜನ ಊಟ ಉಂಡವರಿಗಿಂತ ಈ ನಾಲ್ವರು ಇನ್ನೂ ಚೆಲುವಾಗಿ, ಮೈ ತುಂಬಿಕೊಂಡು ಕಂಡರು! ಹಳೆಯ ಇಂಗ್ಲಿಷ್ ಬೈಬಲ್ಲಿನಲ್ಲಂತೂ ನೇರವಾಗಿ ‘ಇನ್ನೂ ದಪ್ಪ’ ಎಂದೇ ಇದೆ. ತೂಕ ಇಳಿಸುವ ಪುಸ್ತಕಕ್ಕೆ ಆಧಾರವಾದ ಕತೆಯಲ್ಲಿ ಎಲ್ಲರೂ ದಪ್ಪ ಆಗುತ್ತಾರೆ. ರೈಲಿನಲ್ಲಿ ಒಬ್ಬಳೇ ನಕ್ಕೆ. ಎದುರು ಕೂತ ಅಜ್ಜ ನನ್ನನ್ನೇ ನೋಡಿದರು.

ಅದೇ ಇಂಗ್ಲಿಷ್ ಬೈಬಲ್ಲಿನಲ್ಲಿ ಕಾಯಿಪಲ್ಲೆ ಇರುವ ಜಾಗದಲ್ಲಿ ಕಾಳು ಎಂದಿದೆ. ಹೀಬ್ರೂ ಮೂಲದಲ್ಲಿ ಬಿತ್ತಿ ಬೆಳೆದದ್ದು ಅನ್ನುವ ಅರ್ಥದ ಮಾತಂತೆ. ನಮ್ಮ ಕಡೆ ಇದಕ್ಕೆ ಜಗಳವೇ ಇಲ್ಲ. ಕಾಳೂ ಪಲ್ಲೆ, ಸೊಪ್ಪೂ ಪಲ್ಲೆ. ಮೊಳಕೆ ಬಂದ ಮಡಕಿ ಕಾಳು, ಬದನೆಕಾಯಿ ಎಣಗಾಯಿ, ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ. ಅಮೆರಿಕದ ಪುಸ್ತಕದಲ್ಲಿ ಬೆಣ್ಣೆಹಣ್ಣು, ಕಿನೋವಾ, ಬಾದಾಮಿ ಬೆಣ್ಣೆ. ಮೊದಲ ತಿಂಗಳು ನಾನು ಹುಬ್ಬಳ್ಳಿಗೆ ಹೋಗಿ ಕಿನೋವಾ ತಂದೆ, ಸುಳ್ಳು ಯಾಕೆ ಹೇಳಲಿ. ಬೆಲೆ ನೋಡಿ ಗಂಡ ಏನೂ ಅನ್ನಲಿಲ್ಲ, ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ನವಣಕ್ಕಿ ಹಂಗ ಐತಲ್ಲ’ ಎಂದರು. ಅಗಸಿ ಹಿಂಡಿ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಅದೇ ಅಗಸಿ ಆ ಪುಸ್ತಕದಲ್ಲಿ ಸೂಪರ್‌ಫುಡ್.

ಹಾಗಂತ ನಮ್ಮ ಊಟವೇ ಔಷಧ ಎಂದು ಎದೆ ತಟ್ಟಿಕೊಳ್ಳುವವರ ಗುಂಪಿಗೂ ನಾನು ಸೇರುವುದಿಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. ನಾಲ್ಕು ರೊಟ್ಟಿ ತಿಂದು, ಮೇಲೆ ಅನ್ನ ಸಾರು ಉಂಡು, ಸಂಜೆ ಮಿರ್ಚಿ ಭಜಿ ತಿಂದು, ಜೋಳ ಶುಗರಿಗೆ ಒಳ್ಳೆಯದು ಎಂದರೆ ಹೇಗೆ? ನನಗೆ 8.1 ಬಂದದ್ದೂ ಜೋಳದ ರೊಟ್ಟಿ ತಿಂದುಕೊಂಡೇ.

ಇನ್ನೊಂದು ಪುಸ್ತಕದಲ್ಲಿ ಯೆಹೆಜ್ಕೇಲನ ರೊಟ್ಟಿ ಎಂದು ಒಂದು ಪಾಕ ಇತ್ತು. ಗೋಧಿ, ಜವೆಗೋಧಿ, ಕಾಳುಗಳು, ಸಿರಿಧಾನ್ಯ ಎಲ್ಲ ಸೇರಿಸಿ ಮಾಡಿದ್ದು. ಅಮೆರಿಕದಲ್ಲಿ ಆ ಹೆಸರಿನ ಬ್ರೆಡ್ಡೇ ಮಾರಾಟಕ್ಕಿದೆ. ದೇವರೇ ಬರೆದುಕೊಟ್ಟ ಪಾಕ ಎನ್ನುವ ಧಾಟಿಯಲ್ಲಿ ಲೇಖಕರು ಹೊಗಳಿದ್ದರು. ಮತ್ತೆ ಸತ್ಯವೇದ ತೆಗೆದೆ. ಯೆಹೆಜ್ಕೇಲ ಎಂಬ ಪ್ರವಾದಿಯ ಪುಸ್ತಕ, ನಾಲ್ಕನೇ ಅಧ್ಯಾಯ. ಅದು ಆರೋಗ್ಯದ ಊಟ ಅಲ್ಲ, ಬರಗಾಲದ ಊಟ. ಯೆರೂಸಲೇಮಿಗೆ ಮುತ್ತಿಗೆ ಬೀಳುತ್ತದೆ, ಆಗ ಜನ ಡಬ್ಬಿಯ ತಳ ಕೆರೆದು ಸಿಕ್ಕ ಕಾಳನ್ನೆಲ್ಲ ಬೆರೆಸಿ ತಿನ್ನಬೇಕಾಗುತ್ತದೆ ಎಂದು ತೋರಿಸುವುದಕ್ಕೆ ಪ್ರವಾದಿ ಅದನ್ನು ತಿನ್ನಬೇಕು. ದಿನಕ್ಕೆ 20 ಶೇಕೆಲ್ ತೂಕ, ಕಾಲು ಕಿಲೋಗೂ ಕಡಿಮೆ. ಅದೂ ಹೇಲಿನ ಬೆಂಕಿಯ ಮೇಲೆ ಸುಡು ಎಂದು ಮೊದಲ ಅಪ್ಪಣೆ. ಪ್ರವಾದಿ ಗೋಗರೆದ ಮೇಲೆ ಹೋಗಲಿ, ಸಗಣಿ ಆಗಬಹುದು ಎಂದಾಯಿತು. ಬ್ರೆಡ್ಡಿನ ಕವರಿನ ಮೇಲೆ ಈ ಭಾಗವನ್ನು ಯಾರೂ ಅಚ್ಚು ಹಾಕುವುದಿಲ್ಲ ಅಲ್ವಾ. ಆದರೆ ಇದನ್ನು ಅವ್ವನಿಗೆ ಓದಿ ಹೇಳಿದ್ದರೆ ಅವಳು ಮುಖ ಹಿಂಡುತ್ತಿರಲಿಲ್ಲ. ಕುಳ್ಳಿನ ಒಲೆಯ ಮೇಲೆ ರೊಟ್ಟಿ ಬಡಿದು ಬೆಳೆದವಳು. ಆ ಹೊಗೆಯ ವಾಸನೆ ಇಲ್ಲದ ರೊಟ್ಟಿಗೆ ರುಚಿಯೇ ಇಲ್ಲ ಅನ್ನುತ್ತಿದ್ದಳು.

ನಿಮ್ಮ ದೇಹ ದೇವರ ಆಲಯ ಎಂಬ, ಬೈಬಲ್ಲಿನಲ್ಲಿ ಬರುವ ಅಪೊಸ್ತಲ ಪೌಲನ ಮಾತು ಈ ಜಾತಿಯ ಪುಸ್ತಕಗಳಲ್ಲಿ ಮೊದಲ ಪುಟದಲ್ಲೇ ಬರುತ್ತದೆ. ನಮ್ಮ ಕನ್ನಡ ಸತ್ಯವೇದದಲ್ಲಿ ಅಲ್ಲಿ ‘ಗರ್ಭಗುಡಿ’ ಎಂಬ ಪದವಿದೆ. ಆ ಪದ ಓದಿದಾಗೆಲ್ಲ ನನಗೆ ತಂಪಾದ ಕತ್ತಲೆ, ಎಣ್ಣೆ ದೀಪ ನೆನಪಾಗುತ್ತದೆ, ತ್ರಿಕೂಟೇಶ್ವರ ಗುಡಿಗೆ ಶಾಲೆ ಮಕ್ಕಳನ್ನು ಕರೆದುಕೊಂಡು ಹೋದಾಗ ನೋಡಿದ್ದು. ಪೌಲ ಅಲ್ಲಿ ಮಾತಾಡುತ್ತಿರುವುದು ಊಟದ ಬಗ್ಗೆ ಅಲ್ಲ, ಸೂಳೆಗಾರಿಕೆಯ ಬಗ್ಗೆ. ಪುಸ್ತಕದವರು ಅದನ್ನು ಹೊಟ್ಟೆಯ ಸುತ್ತಳತೆಗೆ ತಂದಿದ್ದಾರೆ. ಗರ್ಭಗುಡಿಗೆ ಟೇಪು ಹಿಡಿದವರನ್ನು ಮೊದಲ ಸಲ ನೋಡಿದೆ.

ಧ್ಯಾನದ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ದಿನಕ್ಕೊಂದು ವಚನ, ಅದರ ಕೆಳಗೆ ಒಂದು ಪುಟ ವಿವರಣೆ, ಕೊನೆಗೆ ಎರಡು ಸಾಲು ಪ್ರಾರ್ಥನೆ. ಬೆಟಗೇರಿಯಲ್ಲಿ ವಚನ ಎಂದರೆ ಪಕ್ಕದ ಮನೆಯವರಿಗೆ ಬಸವಣ್ಣ, ನಮ್ಮ ಮನೆಯಲ್ಲಿ ಸತ್ಯವೇದದ ಒಂದು ವಾಕ್ಯ. ಚಿಕ್ಕವಳಿದ್ದಾಗ ಎರಡೂ ಒಂದೇ ಪುಸ್ತಕದವು ಎಂದುಕೊಂಡಿದ್ದೆ.

ದಿನಕ್ಕೊಂದು ವಚನದ ಪದ್ಧತಿ ಬಹಳ ಹಳೆಯದು. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ ಮೊರಾವಿಯನ್ ಸಭೆಯವರು 1728ರಲ್ಲಿ ಇದನ್ನು ಶುರು ಮಾಡಿದರು. ದಿನದ ವಚನವನ್ನು ಮನೆ ಮನೆಗೆ ಹೋಗಿ ಹೇಳಿ ಬರುತ್ತಿದ್ದರು. 1731ನೇ ವರ್ಷಕ್ಕೆ ಮೊದಲ ಪುಸ್ತಕ ಅಚ್ಚಾಯಿತು. ಅವತ್ತಿನಿಂದ ಇವತ್ತಿನವರೆಗೆ ಪ್ರತಿ ವರ್ಷ ಬರುತ್ತಿದೆ. ದಿನದ ಮುಖ್ಯ ವಚನವನ್ನು ಯಾರೂ ಕೂತು ಆರಿಸುವುದಿಲ್ಲ, ಚೀಟಿ ಎತ್ತುತ್ತಾರೆ. ಭಕ್ತಿಯ ಅದೇ ಗಾಳಿಯಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, ಆಮೇಲೆ ನಮ್ಮ ಬೆಟಗೇರಿಗೆ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಸಂಜೆ ಕುಟುಂಬ ಪ್ರಾರ್ಥನೆ ನೆಲೆಯಾದದ್ದು ಅವರಿಂದ.

ಅವ್ವನಿಗೆ ಇದ್ದದ್ದು ಒಂದು ಹರಿಯುವ ಕ್ಯಾಲೆಂಡರು. ದಿನಕ್ಕೊಂದು ಹಾಳೆ, ಹಾಳೆಗೊಂದು ವಚನ. ಒಲೆಯ ಎಡಗಡೆ ಮೊಳೆಗೆ ನೇತುಹಾಕಿದ್ದಳು. ಒಂದು ರೊಟ್ಟಿ ಹಂಚಿನ ಮೇಲೆ ಇರುವಾಗ ಓದುವಳು, ಅದಕ್ಕೆ ನೀರು ಸವರುವಳು, ಇನ್ನೊಂದು ಬಡಿಯುವಳು. ಹಾಳೆಗಳ ಮೇಲೆಲ್ಲ ಹಿಟ್ಟಿನ ಬೆರಳು. ಹರಿದ ಹಾಳೆಯನ್ನು ಬಿಸಾಡುತ್ತಿರಲಿಲ್ಲ. ಅದರಲ್ಲಿ ನಮಗೆ ಶೇಂಗಾ ಕಟ್ಟಿ ಕೊಡುತ್ತಿದ್ದಳು. ಶಾಲೆಯಲ್ಲಿ ಶೇಂಗಾ ತಿಂದು ಮುಗಿಸಿ ನಾನು ವಚನ ಓದುತ್ತಿದ್ದೆ.

ನನ್ನ ಸಂಗತಿ ಬೇರೆ. ನನಗೆ ಮಿರ್ಚಿ ಭಜಿಯೂ ಒಂದಕ್ಕೆ ನಿಲ್ಲುವುದಿಲ್ಲ, ಧ್ಯಾನದ ಪುಟವೂ ಒಂದಕ್ಕೆ ನಿಲ್ಲುವುದಿಲ್ಲ. ಆಸ್ವಾಲ್ಡ್ ಚೇಂಬರ್ಸ್ ಅವರ ಹೆಸರಿನ ಬಹಳ ಪ್ರಸಿದ್ಧ ಪುಸ್ತಕ ಇದೆಯಲ್ಲ, 1927ರದು, ಅದನ್ನು ಫೆಬ್ರವರಿಯಲ್ಲೇ ಜೂನ್‌ವರೆಗೆ ಓದಿ ಮುಗಿಸಿದ್ದೆ. ಅದನ್ನು ಅವರು ಪುಸ್ತಕ ಅಂತ ಕೂತು ಬರೆದದ್ದಲ್ಲ. ಅವರು 1917ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡರು. ಹೆಂಡತಿ ಶಾರ್ಟ್‌ಹ್ಯಾಂಡ್ ಬಲ್ಲವರು. ಗಂಡ ಮಾತಾಡಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದರು. ಅದನ್ನೇ 366 ತುಂಡು ಮಾಡಿ ಒಂದು ವರ್ಷಕ್ಕೆ ಬಡಿಸಿದರು. ಅಷ್ಟು ಅಳತೆ ಮಾಡಿ ಬಡಿಸಿದ್ದನ್ನು ನಾನು ಬಕಬಕ ತಿಂದೆ.

ಇನ್ನೊಂದು ಪುಸ್ತಕ ಊಟ ಮತ್ತು ಧ್ಯಾನ ಎರಡನ್ನೂ ಸೇರಿಸಿತ್ತು. ಅದರಲ್ಲಿ ಖಾನೆ ಹಾಕಿದ ಪುಟಗಳಿದ್ದವು. ಎಡಗಡೆ ಇವತ್ತಿನ ವಚನ, ಬಲಗಡೆ ಇವತ್ತಿನ ತೂಕ. ಪುಸ್ತಕ ಕೊಳೆ ಆಗಬಾರದು ಎಂದು ನಾನು ಒಂದು ಡೈರಿಯಲ್ಲಿ ಹಾಗೇ ಗೆರೆ ಎಳೆದುಕೊಂಡೆ. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ತೂಕ ಇಳಿದ ದಿನ ಪ್ರಾರ್ಥನೆ ಚೆನ್ನಾಗಿ ಆಗುತ್ತಿತ್ತು. 400 ಗ್ರಾಂ ಏರಿದ ದಿನ ದೇವರಿಗೆ ಮುಖ ತೋರಿಸಲು ನಾಚಿಕೆ. ಕೀರ್ತನೆ ಓದುವ ಮೊದಲೇ ತಕ್ಕಡಿ ಹತ್ತುವುದು. ಮೊಬೈಲಿನ ಬೈಬಲ್ ಆಪು ಬೇರೆ, ಎಷ್ಟು ದಿನ ತಪ್ಪದೆ ಓದಿದೆ ಎಂದು ಲೆಕ್ಕ ಇಡುತ್ತದೆ. 47 ದಿನ ಆಗಿತ್ತು. ಮೊಮ್ಮಗಳ ಜ್ವರದ ದಿನ ತಪ್ಪಿತು, ಮರುದಿನ 1 ಎಂದು ತೋರಿಸಿತು. ಆ ಒಂದು ಅಂಕಿ ನೋಡಿ ಕಣ್ಣಲ್ಲಿ ನೀರು ಬಂತು ಎಂದರೆ ನಂಬುತ್ತೀರಾ?

ಆ ವರ್ಷದ ಲೆಂಟಿನಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲದಲ್ಲಿ, ದಾನಿಯೇಲನ 21 ದಿನ ಹಿಡಿದೆ. ಡಾಕ್ಟರನ್ನು ಕೇಳಲಿಲ್ಲ. ಪುಸ್ತಕದ ಆರಂಭದಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿ ಎಂದು ಬರೆದಿದ್ದರು, ಅದನ್ನು ಹಾರಿಸಿದ್ದೆ. ಒಂಬತ್ತನೇ ದಿನ ಶುಕ್ರವಾರ. ಉಪವಾಸ ಪ್ರಾರ್ಥನೆ. ಕಾಯಿಪಲ್ಲೆಯೂ ಬೇಡ, ಇವತ್ತು ಬರೀ ನೀರು ಎಂದು ನನ್ನದೇ ಒಂದು ಸೇರಿಕೆ. ಆದರೆ ಮಾತ್ರೆ ಮಾತ್ರ ರೂಢಿಯಂತೆ ನುಂಗಿ ಹೋದೆ. ಊಟಕ್ಕೆ ಮುಂಚೆ ತಗೊಳ್ಳುವ ಮಾತ್ರೆ ಅದು. ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ತೆಗೆಸುತ್ತದೆ. ಹೊಟ್ಟೆಗೆ ಏನೂ ಬೀಳದಿದ್ದರೂ ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ.

ಎರಡನೇ ಹಾಡಿನ ಹೊತ್ತಿಗೆ ಸಂಗೀತ ಪುಸ್ತಕದ ಅಕ್ಷರ ಅಲುಗಾಡತೊಡಗಿದವು. ಅಕ್ಷರ ಅಲ್ಲ, ನನ್ನ ಕೈ. ಕುತ್ತಿಗೆಯ ಹಿಂದೆ ತಣ್ಣನೆ ಬೆವರು, ಎದೆ ಢವಢವ. ಮೊದಲು ನನಗೆ ಅನಿಸಿದ್ದೇನು ಗೊತ್ತಾ? ಆತ್ಮನ ಸ್ಪರ್ಶ ಎಂದು! ಪಕ್ಕದಲ್ಲಿ ಕೂತಿದ್ದ ಅಜ್ಜಿ, ಎಂಬತ್ತರ ಹತ್ತಿರದವರು, ನನ್ನ ಮುಖ ಒಂದು ಸಲ ನೋಡಿದರು. ಅವರಿಗೆ ಮೂವತ್ತು ವರ್ಷದಿಂದ ಶುಗರ್. ಸೆರಗಿನ ಗಂಟು ಬಿಚ್ಚಿದರು. ಮೊಮ್ಮಗನಿಗೆ ನೌಕರಿ ಸಿಕ್ಕಿತ್ತಂತೆ, ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರಿಗೆ ಕೊಡಬೇಕು ಎಂದು ಧಾರವಾಡ ಪೇಢೆ ತಂದಿದ್ದರು. ಕಾಗದದಲ್ಲಿ ಎರಡು. ಕಂದು ಬಣ್ಣ, ಮೇಲೆ ಸಕ್ಕರೆಯ ಹರಳು, ಸೆರಗಿನ ಬಿಸಿಗೆ ಸ್ವಲ್ಪ ಮೆತ್ತಗಾಗಿತ್ತು. ನನ್ನ ಬಾಯಿಗೇ ಇಟ್ಟರು.

ನಾನು ತಲೆ ಅಲ್ಲಾಡಿಸಿದೆ. ‘ಉಪವಾಸ ಐತ್ರಿ.’

‘ತಿನ್ನವಾ ಮೊದಲ. ಪ್ರಾರ್ಥನಿ ಆಮ್ಯಾಲ.’

ತಿಂದೆ. ಎರಡನ್ನೂ. ಸಕ್ಕರೆಯ ಹರಳು ಹಲ್ಲಿಗೆ ಸಿಕ್ಕು ಕರಗಿದ್ದು ಈಗಲೂ ನೆನಪಿದೆ. ಹತ್ತು ಹದಿನೈದು ನಿಮಿಷಕ್ಕೆ ಕೈ ನೆಟ್ಟಗಾಯಿತು. ಪಾಸ್ಟರ್ ಏನು ಸಂದೇಶ ಕೊಟ್ಟರು, ಒಂದು ಮಾತೂ ನೆನಪಿಲ್ಲ. ಮರುದಿನ ಡಾಕ್ಟರು ಬೈದರು, ಸರಿಯಾಗಿಯೇ ಬೈದರು. ಈ ಮಾತ್ರೆ ತಗೊಳ್ಳುವವರು ಉಪವಾಸ ಹಿಡಿಯುವ ಮೊದಲು ಕೇಳಲೇಬೇಕು. ನೀವೂ ತಗೊಳ್ಳುತ್ತಿದ್ದರೆ ದಯವಿಟ್ಟು ಕೇಳಿ.

ಆ ರಾತ್ರಿ ಪುಸ್ತಕ ಬೇಡವಾಗಿ ಸುಮ್ನೆ ಸತ್ಯವೇದ ತೆರೆದೆ, ಪ್ರವಾದಿ ಎಲೀಯನ ಕತೆಗೆ ಹೋದೆ. ಮೊದಲ ಅರಸುಗಳು, 19ನೇ ಅಧ್ಯಾಯ. ರಾಣಿಗೆ ಹೆದರಿ ಓಡಿ ಓಡಿ ಅಡವಿಯಲ್ಲಿ ಒಂದು ಗಿಡದ ಬುಡದಲ್ಲಿ ಬಿದ್ದಿದ್ದಾನೆ. ಸಾಕಾಯಿತು, ನನ್ನ ಪ್ರಾಣ ತೆಗೆ ಎನ್ನುತ್ತಾನೆ, ಮಲಗಿಬಿಡುತ್ತಾನೆ. ದೂತ ಬಂದು ಉಪದೇಶ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು ಅದನ್ನೇ ಹೇಳುತ್ತಾನೆ, ದಾರಿ ದೂರ ಇದೆ, ತಿನ್ನು. ದೇವರ ಮಾತು ಬರುವುದು ಎಷ್ಟೋ ಆದ ಮೇಲೆ. ಈ ಅಧ್ಯಾಯವನ್ನು ಎಷ್ಟು ಸಲ ಓದಿದ್ದೆನೋ. ದೂತ ಬೆಟಗೇರಿಯ ಅಜ್ಜಿಯ ದನಿಯಲ್ಲಿ ಮಾತಾಡಿದ್ದು ಅವತ್ತೇ.

ಪುಸ್ತಕಗಳನ್ನು ನಾನು ಬಿಟ್ಟಿಲ್ಲ. ಎಲೆನ್ ವೈಟ್ ಅವರ ಬಿಸಿಲು, ಗಾಳಿ, ನೀರು ಒಪ್ಪಿಕೊಂಡಿದ್ದೇನೆ. ಸಂಜೆ ಶಾಲೆಯಿಂದ ನಡೆದೇ ಬರುತ್ತೇನೆ. ರೊಟ್ಟಿ ಎರಡು, ಪಲ್ಲೆ ಜಾಸ್ತಿ, ಅನ್ನ ಭಾನುವಾರ. ಚಹಾ ಬಿಟ್ಟಿಲ್ಲ, ಅಪ್ಪನ ಮಗಳು. ಆಪು ತೆಗೆದುಹಾಕಿದೆ. ಬೆಳಿಗ್ಗೆ ಒಂದೇ ಪುಟ, ನಾಳೆಯದನ್ನು ಇಣುಕುವುದಿಲ್ಲ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಬಿದ್ದ ಊಟ, ಮನ್ನ, ಅದರ ಕಾನೂನು ಅದೇ ಅಲ್ವಾ, ತಲೆಗೆ ಒಂದು ಓಮೆರ್ ಅಳತೆ, ಇವತ್ತಿನದು ಇವತ್ತಿಗೆ. ನಾಳೆಗೆಂದು ಎತ್ತಿಟ್ಟದ್ದು ಹುಳ ಬಿದ್ದು ನಾರಿತು. ನಮ್ಮ ಕಡೆಯವರಿಗೆ ಆ ಕಾನೂನು ಸ್ವಲ್ಪ ಕಷ್ಟ. ಕಡಕ್ ರೊಟ್ಟಿ ಮಾಡಿ ತಿಂಗಳುಗಟ್ಟಲೆ ಇಡುವ ಜನ ನಾವು.

ಕಳೆದ ಸಲದ ಪರೀಕ್ಷೆಯಲ್ಲಿ 6.9 ಬಂತು. ಡೈರಿ ಇನ್ನೂ ಇದೆ. ಅರ್ಧ ವರ್ಷದ ಪುಟಗಳು ಖಾಲಿ ಇದ್ದವು, ಯಾಕೆ ಹಾಳು ಮಾಡುವುದು ಎಂದು ಉಪಯೋಗಿಸುತ್ತಿದ್ದೇನೆ. ಎಡಗಡೆ ಖಾನೆಯಲ್ಲಿ ವಚನ ಬರೆಯುತ್ತೇನೆ. ಬಲಗಡೆಯದರಲ್ಲಿ ಹಾಲಿನ ಲೆಕ್ಕ. ನಿನ್ನೆ ಅರ್ಧ ಲೀಟರು, ಇವತ್ತು ಮೊಮ್ಮಗಳು ಬಂದಿದ್ದಾಳೆ, ಒಂದು.